ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ಮನಸ್ಸಿನ ಆರೈಕೆ: ಮನೆಯವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಊರುಗಳಿಂದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಿಗೆ ಓಡಾಡುವ ಮನೆಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಕೇಳುತ್ತದೆ. ‘ಎಷ್ಟು ಧೈರ್ಯ ಹೇಳಿದರೂ ಅಪ್ಪ ಬಾಯಿ ಬಿಡುತ್ತಿಲ್ಲ.’ ‘ಅಮ್ಮ ಮೂರನೇ ಕೀಮೋಗೆ ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದಾರೆ.’ ಈ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ, ತಪ್ಪಿರುವುದು ಕೆಲಸದ ಕ್ರಮ. ನೋವು ಇಳಿಯದೆ, ನಿದ್ದೆ ಬಾರದೆ, ತನಗೆ ಏನಾಗಿದೆ ಎಂಬುದೂ ತಿಳಿಯದೆ ಮಲಗಿರುವವರ ಕಿವಿಗೆ ಧೈರ್ಯದ ಮಾತು ಬೀಳುವುದಿಲ್ಲ. ಕೆಳಗಿನ ಹಂತಗಳನ್ನು ಆದಷ್ಟೂ ಇದೇ ಕ್ರಮದಲ್ಲಿ ಮಾಡಿ. ಚಿಕಿತ್ಸೆ ಈಗಾಗಲೇ ಅರ್ಧ ಮುಗಿದಿದ್ದರೂ ಎರಡನೇ ಮತ್ತು ಮೂರನೇ ಹಂತಗಳನ್ನು ಮಾತ್ರ ಬಿಡಬೇಡಿ.

## ಹಂತ 1: ಮೊದಲ ಕೀಮೋಗೆ ಮುಂಚೆ ಹೊಂದಿಸಿಕೊಳ್ಳಬೇಕಾದವು

ಒಂದು ದಪ್ಪ ನೋಟ್‌ಬುಕ್, ಒಂದು ಡಿಜಿಟಲ್ ಥರ್ಮಾಮೀಟರ್, ಎಲ್ಲ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದ ಫೈಲು. ಸಾಮಾನು ಇಷ್ಟೇ ಸಾಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚಿಕಿತ್ಸೆ ಕೊಡುತ್ತಿರುವ ವಿಭಾಗದ ದೂರವಾಣಿ ಸಂಖ್ಯೆ, ಆಂಬುಲೆನ್ಸಿನ 108 ಮತ್ತು ಟೆಲಿ ಮನಸ್ ಸಹಾಯವಾಣಿಯ 14416 ಇವನ್ನು ದೊಡ್ಡದಾಗಿ ಬರೆಯಿರಿ. ಟೆಲಿ ಮನಸ್ 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮನಸ್ಸಿನ ತೊಂದರೆಗಳಿಗೆ ನೆರವಾಗುವ ಸರ್ಕಾರದ ಉಚಿತ ಸೇವೆ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು.

ಪ್ರತಿದಿನ ನಾಲ್ಕು ವಿಷಯ ಬರೆಯಿರಿ: ಮೈಯ ಶಾಖ, ನೋವಿನ ಅಂಕ, ನಿದ್ದೆಯ ಗಂಟೆ, ಮನಸ್ಸಿನ ಸಂಕಟದ ಅಂಕ. ಅಂಕಗಳು ಸೊನ್ನೆಯಿಂದ ಹತ್ತರವರೆಗೆ. ‘ಏನೂ ಸಂಕಟವಿಲ್ಲ ಎಂದರೆ ಸೊನ್ನೆ, ತಡೆಯಲಾರೆ ಎಂದರೆ ಹತ್ತು. ಇವತ್ತು ನಿಮಗೆ ಎಷ್ಟು?’ ಎಂದು ಕೇಳಿ. ಹಲವು ಕ್ಯಾನ್ಸರ್ ಆಸ್ಪತ್ರೆಗಳೂ ಇದೇ ಅಳತೆಯನ್ನು ಬಳಸುತ್ತವೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು. ಅಂಕ ಎಂದರೆ ತಬ್ಬಿಬ್ಬಾಗುವ ಹಿರಿಯರಿಗೆ ‘ರೂಪಾಯಿಗೆ ಎಷ್ಟಾಣೆ ಸಂಕಟ?’ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಆರಾಣೆ ದಾಟಿದರೆ ವೈದ್ಯರಿಗೆ ಹೇಳುವ ಹೊತ್ತು ಬಂದಿದೆ ಎಂದೇ ತಿಳಿಯಿರಿ.

ಹಣದ ಚಿಂತೆಯನ್ನು ಮನಸ್ಸಿನ ಆರೈಕೆಯಿಂದ ಬೇರೆ ಮಾಡಲಾಗದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಲ್ಲಿ ನಮೂನೆ ತುಂಬಿಸಿ ಸಹಿ ಹಾಕಿಸಬೇಕು. ಈ ಕಾಗದಗಳನ್ನು ಮೊದಲ ವಾರವೇ ಮುಗಿಸಿ, ‘ಇದು ಆಯಿತು’ ಎಂದು ರೋಗಿಗೆ ತೋರಿಸಿ. ‘ನನ್ನಿಂದ ಹೊಲ ಮಾರಬೇಕಾಯಿತು’ ಎಂಬ ಕೊರಗು ಎಷ್ಟೋ ಜನರನ್ನು ಚಿಕಿತ್ಸೆಯ ನಡುವೆಯೇ ಹಿಂದೆ ಸರಿಯುವಂತೆ ಮಾಡುತ್ತದೆ.

## ಹಂತ 2: ಕಾಯಿಲೆಯ ಹೆಸರನ್ನು ಮುಚ್ಚಿಡುವುದನ್ನು ನಿಲ್ಲಿಸಿ

ಅತಿ ಹೆಚ್ಚು ಮನೆಗಳು ಎಡವುವುದು ಇಲ್ಲೇ. ‘ಅವರಿಗೆ ಹೇಳಬೇಡಿ ಡಾಕ್ಟರೇ, ಕುಸಿದುಹೋಗುತ್ತಾರೆ’ ಎಂದು ಮಗ ಕೈಮುಗಿಯುತ್ತಾನೆ. ಅಪ್ಪನಿಗೆ ‘ಗಂಟಲಲ್ಲಿ ಹುಣ್ಣು, ಕರೆಂಟು (ವಿಕಿರಣ ಚಿಕಿತ್ಸೆ) ಕೊಟ್ಟರೆ ಹೋಗುತ್ತದೆ’ ಎಂದು ಹೇಳುತ್ತಾರೆ. ಆದರೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ಹೆಸರು ಈ ಮೂರು ಜಿಲ್ಲೆಗಳಲ್ಲಿ ತಿಳಿಯದವರು ವಿರಳ. ಸರತಿಯಲ್ಲಿ ಪಕ್ಕದಲ್ಲಿ ಕುಳಿತವರು ‘ನಿಮಗೆ ಎಲ್ಲಿ?’ ಎಂದು ಕೇಳಿಯೇ ಕೇಳುತ್ತಾರೆ. ಅಪ್ಪನಿಗೆ ಗೊತ್ತಾಗುತ್ತದೆ, ಮಕ್ಕಳು ನೊಂದುಕೊಳ್ಳುತ್ತಾರೆಂದು ಗೊತ್ತಿಲ್ಲದವರಂತೆ ಇರುತ್ತಾರೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲು ಹೋಗಿ, ಇಡೀ ಮನೆಯಲ್ಲಿ ಭಯ ಹೇಳಿಕೊಳ್ಳಲು ಒಬ್ಬರೂ ಇಲ್ಲದಂತಾಗುತ್ತದೆ.

ಹೇಳುವುದಕ್ಕೂ ಕ್ರಮವಿದೆ. ರೋಗಿ ಹೆಚ್ಚು ನೆಚ್ಚಿಕೊಂಡಿರುವ ಒಬ್ಬರೇ ಮಾತನಾಡಲಿ. ಆಸ್ಪತ್ರೆಯಿಂದ ಬಂದ ಸಂಜೆಯೂ ಬೇಡ, ಹೊರಡುವ ಹಿಂದಿನ ರಾತ್ರಿಯೂ ಬೇಡ. ಮನೆಯಲ್ಲೇ ಇರುವ ಒಂದು ಬೆಳಗ್ಗೆ, ಟಿವಿ ಆರಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ.

ಮೊದಲು ಕೇಳಿ: ‘ಅಪ್ಪಾ, ಡಾಕ್ಟರು ನಿಮಗೆ ಏನು ಹೇಳಿದರು? ನಿಮಗೇನು ಅನ್ನಿಸಿದೆ?’ ಅವರು ಈಗಾಗಲೇ ತಿಳಿದಿರುವುದು ಎಷ್ಟು ಎಂಬುದು ಇದರಿಂದಲೇ ಹೊರಬರುತ್ತದೆ. ಆಮೇಲೆ, ‘ಎಲ್ಲ ವಿವರ ನಿಮಗೆ ಹೇಳಬೇಕೇ, ಇಲ್ಲ ನಾನೇ ಡಾಕ್ಟರ ಹತ್ತಿರ ಮಾತನಾಡಿಕೊಳ್ಳಲೇ?’ ಎಂದು ಕೇಳಿ. ‘ನನಗೆ ಬೇಡ, ನೀನೇ ನೋಡಿಕೊ’ ಎಂದರೆ ಆ ಮಾತಿಗೆ ಗೌರವ ಕೊಡಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಬೇಕು ಎಂದರೆ ಎರಡೇ ವಾಕ್ಯದಲ್ಲಿ ಹೇಳಿ: ‘ಗಂಟಲಿನದು ಕ್ಯಾನ್ಸರ್ ಗಡ್ಡೆ. ಅದಕ್ಕೆ ಚಿಕಿತ್ಸೆ ಕೊಡುತ್ತಿದ್ದಾರೆ.’ ಅಲ್ಲಿಗೆ ನಿಲ್ಲಿಸಿ. ನಂತರದ ಮೌನ ಎಷ್ಟೇ ಉದ್ದವಾದರೂ ಅದನ್ನು ಸಮಾಧಾನದ ಮಾತಿನಿಂದ ತುಂಬಿಸಲು ಹೋಗಬೇಡಿ. ಅಳುತ್ತಾರೆ, ಅಳಲಿ. ಅವರೇ ಪ್ರಶ್ನೆ ಕೇಳಿದಾಗ ಮುಂದಿನ ಚಿಕಿತ್ಸೆಯ ವಿಷಯ ಹೇಳಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಅವರೆದುರೇ ಬರೆದುಕೊಂಡು, ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ‘ಖಂಡಿತ ಗುಣವಾಗುತ್ತದೆ’ ಎಂದು ಮಾತು ಕೊಡಬೇಡಿ. ಕೊಡಬಹುದಾದ ಮಾತು ಒಂದೇ: ‘ಏನೇ ಬಂದರೂ ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ.’

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆ ಎಷ್ಟೋ ಮನೆಗಳ ಮಾತು ತೆಲುಗು; ಕೆಲವರದು ಉರ್ದು. ಇಂಥ ಮಾತನ್ನು ಮನೆಮಾತಿನಲ್ಲೇ ಆಡಿ. ಆಸ್ಪತ್ರೆಯ ಕನ್ನಡದಲ್ಲಿ ತಲೆಯಾಡಿಸಿ ಬಂದವರು ಮನೆಮಾತಿನಲ್ಲಿ ಕೇಳಿದಾಗಲೇ ತಮ್ಮ ಭಯವನ್ನು ಹೇಳುವುದು.

ಮಕ್ಕಳಿಗೂ ಹೇಳಬೇಕು. ಅಮ್ಮನಿಗೆ ಕ್ಯಾನ್ಸರ್ ಎಂಬ ಕಾಯಿಲೆ ಬಂದಿದೆ, ಅದು ಮುಟ್ಟಿದರೆ ಅಂಟುವುದಿಲ್ಲ, ನೀನು ಮಾಡಿದ ಯಾವ ತಪ್ಪಿನಿಂದಲೂ ಬಂದಿಲ್ಲ, ಅಮ್ಮ ಆಸ್ಪತ್ರೆಗೆ ಹೋದ ದಿನ ಶಾಲೆಯಿಂದ ಅಜ್ಜಿ ಕರೆದುಕೊಂಡು ಬರುತ್ತಾಳೆ. ಆರು ವರ್ಷದ ಮಗುವಿಗೆ ಇಷ್ಟು ಸಾಕು.

## ಹಂತ 3: ಮನಸ್ಸನ್ನು ಕೆಡಿಸುತ್ತಿರುವ ದೇಹದ ತೊಂದರೆಗಳನ್ನು ಮೊದಲು ಹಿಡಿಯಿರಿ

ನೋವು. ನೋವಿನಲ್ಲಿರುವವರ ಸಿಡುಕನ್ನು ‘ಸ್ವಭಾವ ಬದಲಾಗಿದೆ’ ಎಂದು ತಿಳಿಯುವುದು ಸಾಮಾನ್ಯ ತಪ್ಪು. ನೋವಿನ ಮಾತ್ರೆಯನ್ನು ತಡೆಯಲಾಗದಾಗ ಮಾತ್ರ ನುಂಗಿಸುವುದಲ್ಲ, ವೈದ್ಯರು ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ಮಾರ್ಫಿನ್ ಬರೆದುಕೊಟ್ಟರೆ ‘ಚಟವಾಗುತ್ತದೆ’ ಎಂದು ಮನೆಯಲ್ಲಿ ಅರ್ಧ ಮಾಡಿ ಕೊಡುವವರಿದ್ದಾರೆ. ವೈದ್ಯರ ಉಸ್ತುವಾರಿಯಲ್ಲಿ ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಚಟವಾಗುವುದು ಅಪರೂಪ. ಅದರಿಂದ ಮಲಬದ್ಧತೆ ಮಾತ್ರ ಆಗಿಯೇ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ತೆಗೆದುಕೊಳ್ಳಿ.

ನಿದ್ದೆ. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ರಾತ್ರಿಯಿಡೀ ಕಣ್ಣು ಮುಚ್ಚದಿರಬಹುದು, ಕಾರಣವಿಲ್ಲದೆ ಕೋಪ ಬರಬಹುದು, ನಿಂತ ಒಂದೆರಡು ದಿನಕ್ಕೆ ಮನಸ್ಸು ಪಾತಾಳಕ್ಕೆ ಇಳಿಯಬಹುದು. ಆ ಮಾತ್ರೆಯನ್ನು ಬೆಳಗ್ಗೆಯೇ ಮುಗಿಸಬಹುದೇ ಎಂದು ವೈದ್ಯರನ್ನು ಕೇಳಿ. ‘ಇದು ಮಾತ್ರೆಯ ಪ್ರಭಾವ, ಇನ್ನೆರಡು ದಿನಕ್ಕೆ ಇಳಿಯುತ್ತದೆ’ ಎಂದು ರೋಗಿಗೆ ಗೊತ್ತಿದ್ದರೆ ಅರ್ಧ ಸಂಕಟ ಅಲ್ಲೇ ಕಡಿಮೆ.

ಸುಸ್ತು. ರಕ್ತಹೀನತೆ, ಥೈರಾಯ್ಡ್ ಏರುಪೇರು, ಊಟ ಸೇರದಿರುವುದು ಇವೆಲ್ಲ ಹೊರಗಿನಿಂದ ಖಿನ್ನತೆಯಂತೆಯೇ ಕಾಣುತ್ತವೆ. ರಕ್ತ ಪರೀಕ್ಷೆಯ ವರದಿ ನೋಡದೆ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎನ್ನಬೇಡಿ.

ಬಾಯಿ ಹುಣ್ಣು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ಮುದ್ದೆ ನುಂಗಲಾಗದಿದ್ದರೆ ಅದೇ ರಾಗಿಯನ್ನು ಅಂಬಲಿ ಮಾಡಿ, ಖಾರ ಬಿಟ್ಟು ಕೊಡಿ. ‘ಮುದ್ದೆಯನ್ನೂ ತಿನ್ನಲಾಗದ ಬಾಳು’ ಎಂಬ ಮಾತು ಕೇಳಿಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಸೀಮೆಯವರಿಗೆ ಅದು ದೊಡ್ಡ ನಷ್ಟವೇ.

ತಡಮಾಡಬಾರದ ಲಕ್ಷಣಗಳು. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಕರೆ ಮಾಡಿ, ಬೆಂಗಳೂರು ತಲುಪಲು ತಡವಾಗುವಂತಿದ್ದರೆ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಕೀಮೋ ಆಗಿದೆ’ ಎಂದು ಮೊದಲ ಮಾತಿಗೇ ಹೇಳಿ. ಇದ್ದಕ್ಕಿದ್ದಂತೆ ಗೊಂದಲದ ಮಾತು, ಮನೆಯವರ ಗುರುತು ಸಿಗದಿರುವುದು, ಇಲ್ಲದವರು ಕಾಣುವುದು ಇವೂ ತುರ್ತೇ. ಇವನ್ನು ಹೆದರಿಕೆ ಎಂದೋ ಗಾಳಿ ಸೋಕಿದೆ ಎಂದೋ ತಾಯಿತ ಕಟ್ಟಿಸಲು ಹೋದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಸೋಂಕು ಅಥವಾ ರಕ್ತದ ಲವಣಾಂಶದ ಏರುಪೇರು ಕಾರಣವಾಗಿರಬಹುದು, ಎರಡಕ್ಕೂ ಚಿಕಿತ್ಸೆ ಇದೆ.

## ಹಂತ 4: ಕೀಮೋ ಸುತ್ತಿಗೆ ತಕ್ಕಂತೆ ದಿನಗಳನ್ನು ಹಂಚಿಕೊಳ್ಳಿ

ಅನೇಕರಿಗೆ ಕೀಮೋ ಮೂರು ವಾರಕ್ಕೊಮ್ಮೆ. ಎಲ್ಲ ದಿನಗಳೂ ಒಂದೇ ರೀತಿ ಇರುವುದಿಲ್ಲ ಎಂಬುದನ್ನು ಮೊದಲ ಸುತ್ತಿನಲ್ಲೇ ಕಂಡುಕೊಂಡರೆ ಮುಂದಿನ ಸುತ್ತುಗಳ ಭಯ ಇಳಿಯುತ್ತದೆ.

ಕೀಮೋ ದಿನ. ಕತ್ತಲಲ್ಲೇ ಎದ್ದು ಬಸ್ಸೋ ರೈಲೋ ಹಿಡಿಯಬೇಕು. ಪೂರ್ತಿ ಖಾಲಿ ಹೊಟ್ಟೆ ಬೇಡ. ಕಡಲೆಪುರಿ, ಬಿಸ್ಕತ್ತು, ಗಂಜಿಯಂಥ ಸಪ್ಪೆ ಆಹಾರ ಸಾಕು. ಅತ್ಯಂತ ಇಷ್ಟದ ತಿಂಡಿಯನ್ನು ಈ ದಿನ ಕೊಡಲೇಬೇಡಿ. ಹುರುಪಿರಲಿ ಎಂದು ತಟ್ಟೆ ಇಡ್ಲಿ ತಿನ್ನಿಸಿ, ಮಧ್ಯಾಹ್ನ ವಾಂತಿಯಾದರೆ, ದೇಹ ಆ ವಾಂತಿಯನ್ನು ಇಡ್ಲಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದರ ವಾಸನೆಯೇ ಆಗುವುದಿಲ್ಲ.

ಇದೇ ರೀತಿ ಕೆಲವರಿಗೆ ಮೂರನೆಯದೋ ನಾಲ್ಕನೆಯದೋ ಸುತ್ತಿಗೆ ಆಸ್ಪತ್ರೆಯ ಗೇಟು ಕಂಡರೆ, ಫಿನಾಯಿಲ್ ವಾಸನೆ ಬಂದರೆ ಸಾಕು, ಔಷಧಿ ಏರಿಸುವ ಮುಂಚೆಯೇ ವಾಂತಿಯಾಗುತ್ತದೆ. ಅದು ನಾಟಕವಲ್ಲ, ಹೇಡಿತನವೂ ಅಲ್ಲ, ದೇಹ ಕಲಿತುಕೊಂಡ ಪಾಠ. ಹಿಂದಿನ ರಾತ್ರಿಯೇ ಕೊಡಬಹುದಾದ ಔಷಧಿಗಳಿವೆ, ವೈದ್ಯರಿಗೆ ಹೇಳಿ. ದಾರಿಯಲ್ಲಿ ನಿಂಬೆಹಣ್ಣು ಮೂಸುವುದು, ಕಣ್ಣು ಮುಚ್ಚಿ ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡುವುದು, ಇಷ್ಟವಾದ ಹಾಡು ಕಿವಿಗೆ ಹಾಕಿಕೊಳ್ಳುವುದು, ಇವುಗಳಿಂದಲೂ ಉಪಯೋಗವಿದೆ. ಆದರೆ ಉಸಿರಾಟವನ್ನು ಮನೆಯಲ್ಲಿ ನೆಮ್ಮದಿಯ ದಿನಗಳಲ್ಲೇ ರೂಢಿ ಮಾಡಿಕೊಂಡಿರಬೇಕು. ಬಸ್ಸಿನಲ್ಲಿ ಕಲಿಸಲು ಹೊರಟರೆ ಆಗದು.

2ರಿಂದ 5ನೇ ದಿನ. ಅಳು, ಸಿಡುಕು, ‘ಸಾಕು, ಬಿಟ್ಟುಬಿಡಿ’ ಎಂಬ ಮಾತು ಹೆಚ್ಚಾಗಿ ಬರುವುದು ಈಗ. ವಾದ ಮಾಡಬೇಡಿ, ಚಿಕಿತ್ಸೆ ಬಿಡುವ ತೀರ್ಮಾನವನ್ನೂ ಈಗ ತೆಗೆದುಕೊಳ್ಳಬೇಡಿ. ‘ಬರೆದಿಟ್ಟುಕೊಂಡಿದ್ದೇನೆ, ಹತ್ತು ದಿನ ಬಿಟ್ಟು ಇದೇ ಮಾತು ಆಡೋಣ’ ಎನ್ನಿ, ಹತ್ತು ದಿನದ ನಂತರ ತಪ್ಪದೆ ಆ ಮಾತು ಎತ್ತಿ. ಕೀಮೋ ಆದ ಮೊದಲ 48 ಗಂಟೆ ವಾಂತಿ, ಮೂತ್ರ ಶುಚಿ ಮಾಡುವವರು ಕೈಗವಸು ಹಾಕಿಕೊಳ್ಳಲಿ, ಶೌಚಕ್ಕೆ ಎರಡು ಸಲ ನೀರು ಬಿಡಲಿ.

7ರಿಂದ 14ನೇ ದಿನ. ಬಿಳಿ ರಕ್ತಕಣಗಳು ತಳ ಮುಟ್ಟುವುದು ಸಾಮಾನ್ಯವಾಗಿ ಈ ಅವಧಿಯಲ್ಲಿ. ಜಾತ್ರೆ, ಮದುವೆ, ಸಂತೆ ಬೇಡ. ಕೊಟ್ಟಿಗೆಯ ಸಗಣಿ ಬಾಚುವುದು, ರೇಷ್ಮೆ ಮನೆಯಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್ ಎರಚುವುದು ಬೇರೆಯವರ ಪಾಲಿಗಿರಲಿ. ದಿನಕ್ಕೆ ಎರಡು ಸಲ ಶಾಖ ನೋಡಿ. ಈ ದಿನಗಳಲ್ಲಿ ಒಂಟಿತನ ಕಾಡುತ್ತದೆ: ಹೊರಗೆ ಬಿಡುವುದಿಲ್ಲ, ಒಳಗೆ ಯಾರೂ ಬರುವುದಿಲ್ಲ. ನೆಗಡಿಯಿಲ್ಲದ ಒಬ್ಬಿಬ್ಬರು ಜಗಲಿಯ ಗಾಳಿಯಲ್ಲಿ ಕುಳಿತು ಅರ್ಧ ಗಂಟೆ ಮಾತನಾಡಿಸಿ ಹೋಗುವುದಕ್ಕೆ ಅಡ್ಡಿಯಿಲ್ಲ.

15ರಿಂದ 21ನೇ ದಿನ. ಇವು ಬದುಕಿಕೊಳ್ಳುವ ದಿನಗಳು. ಇಷ್ಟದ ಊಟ, ಕೆರೆ ಏರಿಯ ಮೇಲೆ ನಡಿಗೆ, ಮೊಮ್ಮಗಳ ಹುಟ್ಟುಹಬ್ಬ ಎಲ್ಲವನ್ನೂ ಈ ವಾರಕ್ಕೆ ಇಟ್ಟುಕೊಳ್ಳಿ. ‘ನೀವು ಸುಮ್ಮನೆ ಮಲಗಿ’ ಎಂದು ಕೈಯಿಂದ ಕೆಲಸ ಕಿತ್ತುಕೊಂಡರೆ ಅವರಿಗೆ ಉಳಿಯುವುದು ಕಾಯಿಲೆಯೊಂದೇ. ಡೇರಿ ಹಾಲಿನ ಲೆಕ್ಕ ಬರೆಯಲಿ, ಅವರೆಕಾಯಿ ಸುಲಿಯಲಿ, ಮಾರುಕಟ್ಟೆಯ ಬೆಲೆ ವಿಚಾರಿಸಲಿ. ಕ್ಯಾನ್ಸರಿನ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ; ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷದ ನಡಿಗೆಯಿಂದ ಅದು ಇಳಿಯುತ್ತದೆ. ಕಾಯಿಲೆ ಮೂಳೆಗೆ ಹಬ್ಬಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ನಡೆಸಿ.

ವಿಕಿರಣ ಚಿಕಿತ್ಸೆಯಲ್ಲಿ ಈ ಏರಿಳಿತವಿಲ್ಲ. ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವುದರಿಂದ ಸುಸ್ತು ನಿಧಾನವಾಗಿ ಕೂಡುತ್ತಾ ಹೋಗುತ್ತದೆ. ಮೈಮೇಲಿನ ಗುರುತುಗಳನ್ನು ಉಜ್ಜಿ ತೊಳೆಯಬೇಡಿ, ಆ ಜಾಗಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡಿ.

## ಹಂತ 5: ಮಾತು

ದಿನಕ್ಕೆ ಕಾಲು ಗಂಟೆ, ಮೊಬೈಲ್ ಪಕ್ಕಕ್ಕಿಟ್ಟು, ಕೇಳುವುದಕ್ಕೆಂದೇ ಕುಳಿತುಕೊಳ್ಳಿ. ‘ಏನೂ ಆಗುವುದಿಲ್ಲ ಬಿಡಿ’ ಎಂಬ ಮಾತು ಎದುರಿನವರ ಬಾಯಿ ಮುಚ್ಚಿಸುತ್ತದೆ. ‘ಯಾವುದಕ್ಕೆ ಹೆಚ್ಚು ಹೆದರಿಕೆಯಾಗುತ್ತಿದೆ?’ ಎಂದು ಕೇಳಿದರೆ, ಸಾವಿನ ಭಯಕ್ಕಿಂತ ಮಗಳ ಮದುವೆ, ಬ್ಯಾಂಕಿನ ಸಾಲ, ಹಾಸಿಗೆ ಹಿಡಿದರೆ ಯಾರು ಎತ್ತಿ ಕೂರಿಸುತ್ತಾರೆ ಎಂಬ ಚಿಂತೆಗಳೇ ಮೊದಲು ಹೊರಬರುವುದುಂಟು. ಅವುಗಳಲ್ಲಿ ಕೆಲವಕ್ಕೆ ನೀವು ಇವತ್ತೇ ದಾರಿ ಹುಡುಕಬಹುದು.

‘ಯಾವ ಜನ್ಮದ ಪಾಪವೋ’ ಎನ್ನುವವರನ್ನು ಹಿರಿಯರಾದರೂ ಸರಿ, ಹೊಸ್ತಿಲಾಚೆಯೇ ತಡೆಯಿರಿ. ದೇವರು, ಹರಕೆ ಬೇರೆ. ನಂಬಿಕೆ ಹಲವರನ್ನು ಎತ್ತಿ ನಿಲ್ಲಿಸುತ್ತದೆ. ಆದರೆ ಉಪವಾಸವಿಟ್ಟು ದೇವರಾಯನದುರ್ಗ ಹತ್ತುವುದನ್ನೋ ಬರಿಗಾಲಿನಲ್ಲಿ ಅಂತರಗಂಗೆ ಮೆಟ್ಟಿಲೇರುವುದನ್ನೋ ಚಿಕಿತ್ಸೆ ಮುಗಿದ ಮೇಲೆ ಇಟ್ಟುಕೊಳ್ಳಿ. ಯಾರೋ ಹೇಳಿದ ನಾಟಿ ಔಷಧಿ, ಕಷಾಯಗಳನ್ನು ಕೀಮೋ ಜೊತೆ ಗುಟ್ಟಾಗಿ ಕೊಡಬೇಡಿ. ಅಮೃತಬಳ್ಳಿಯಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಕೊಡಬೇಕೆನಿಸಿದರೆ ಪೊಟ್ಟಣವನ್ನೇ ವೈದ್ಯರಿಗೆ ತೋರಿಸಿ.

ತಟ್ಟೆ, ಲೋಟ ಬೇರೆ ಇಡುವುದು, ಮಗುವನ್ನು ಹತ್ತಿರ ಬಿಡದಿರುವುದು ಇನ್ನೂ ನಡೆಯುತ್ತಿದೆ. ಕ್ಯಾನ್ಸರ್ ಅಂಟುರೋಗವಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದಾಗ ಮಾತ್ರ ಆಸ್ಪತ್ರೆ ಹೇಳಿದಷ್ಟು ದಿನ ದೂರ ಇರಬೇಕು.

## ಹಂತ 6: ಕೂದಲು, ಮುಖ, ದನಿ

ಕೂದಲು ಉದುರಿಸುವ ಕೀಮೋ ಆದರೆ, ಮೊದಲ ಸುತ್ತಿನ ಎರಡು ಮೂರು ವಾರಕ್ಕೆ ಬಾಚಣಿಗೆಯಲ್ಲಿ ಕಂತೆಯಾಗಿ ಬರುತ್ತದೆ. ಮುಂಚೆಯೇ ಗಿಡ್ಡ ಮಾಡಿಸಿಕೊಂಡರೆ ಆಘಾತ ಕಡಿಮೆ. ತಿರುಪತಿಗೆ ಮುಡಿ ಕೊಡುವ ಹರಕೆ ಇರುವ ಹೆಣ್ಣುಮಕ್ಕಳು ವೈದ್ಯರನ್ನು ಕೇಳಿಕೊಂಡು ಮೊದಲ ಕೀಮೋಗೆ ಮುಂಚೆ ಮುಗಿಸಿಕೊಳ್ಳುವುದು ಎರಡು ಕಾರಣಕ್ಕೆ ಒಳ್ಳೆಯದು: ಬೋಳುತಲೆಗೆ ಊರಿನವರ ಕಣ್ಣಿನಲ್ಲಿ ಗೌರವದ ಅರ್ಥ ಬರುತ್ತದೆ, ರಕ್ತಕಣ ಇಳಿದಿರುವಾಗ ಕ್ಷೌರದ ಕತ್ತಿ ತಾಗಿ ಗಾಯವಾಗುವ ಅಪಾಯವೂ ತಪ್ಪುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ.

ಸ್ತನ ತೆಗೆದ ಮೇಲೆ ಗಂಡನ ಮುಂದೆ ಬಟ್ಟೆ ಬದಲಿಸಲೂ ಹಿಂಜರಿಯುವ ಹೆಂಗಸರಿದ್ದಾರೆ. ಇಲ್ಲಿ ಗಂಡನ ಕೆಲಸ ದೊಡ್ಡದು: ಮುಖ ತಿರುಗಿಸದಿರುವುದು, ಗಾಯದ ಪಟ್ಟಿ ಬದಲಿಸಲು ಕೈಜೋಡಿಸುವುದು, ಮೊದಲಿನಂತೆ ಪಕ್ಕದಲ್ಲೇ ಮಲಗುವುದು. ಬಾಯಿ, ಗಂಟಲಿನ ಶಸ್ತ್ರಚಿಕಿತ್ಸೆಯಾದವರಿಗೆ ಸ್ಲೇಟು ಬಳಪ ಕೊಡಿ, ಅವರು ಬರೆದು ಮುಗಿಸುವ ತನಕ ಕಾಯಿರಿ. ಅವರ ಮಾತನ್ನು ನೀವು ಊಹಿಸಿ ಮುಗಿಸುವುದು ಅವರಿಗೆ ಅವಮಾನ. ಕಡ್ಡಿಪುಡಿ, ಹೊಗೆಸೊಪ್ಪು ಬಿಡಲಾಗದೆ ಒದ್ದಾಡುವವರನ್ನು ಬೈಯುವುದರಿಂದ ಬಚ್ಚಿಟ್ಟು ತಿನ್ನುತ್ತಾರೆ ಅಷ್ಟೆ. ತಂಬಾಕು ಬಿಡಲು ನೆರವಾಗುವ 1800112356 ಉಚಿತ ಸಂಖ್ಯೆಗೆ ಜೊತೆಯಲ್ಲಿ ಕುಳಿತು ಕರೆ ಮಾಡಿಸಿ.

## ಹಂತ 7: ಮನೆಯವರ ಕೈಮೀರಿದೆ ಎಂದು ತಿಳಿಯುವುದು ಹೇಗೆ

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಬೇಸರ, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತು, ಸಂಕಟದ ಅಂಕ ನಾಲ್ಕರ ಕೆಳಗೆ ಇಳಿಯದಿರುವುದು ಇವು ಕಂಡರೆ ಮನೋವೈದ್ಯರ ನೆರವು ಬೇಕು. ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೇ ಮೊದಲು ಹೇಳಿ, ಆಪ್ತಸಮಾಲೋಚಕರಿದ್ದಾರೆಯೇ ಎಂದು ವಿಚಾರಿಸಿ. ಕಿದ್ವಾಯಿಗೆ ಹೋಗುವವರಿಗೆ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಅದೇ ಹೊಸೂರು ರಸ್ತೆಯ ಕಡೆ ಹತ್ತಿರದಲ್ಲೇ ಇದೆ. ಊರಿನಲ್ಲಿರುವಾಗ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು.

ಮನೋವೈದ್ಯರಿಗೆ ಕ್ಯಾನ್ಸರ್ ಮಾತ್ರೆಗಳ ಪಟ್ಟಿ ತೋರಿಸಲೇಬೇಕು. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯ ಕೆಲಸಕ್ಕೆ ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಅಡ್ಡಿಯಾಗಬಹುದು. ಅಡ್ಡಿಯಾಗದ ಬೇರೆ ಮಾತ್ರೆಗಳಿವೆ.

ಸಾಯುವ ಮಾತು ಬಂದರೆ ಬೈದು ಸುಮ್ಮನಾಗಿಸಬೇಡಿ. ‘ಜೀವ ಕಳೆದುಕೊಳ್ಳಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿ, ಮಾತ್ರೆಗಳ ದಾಸ್ತಾನು ಎಲ್ಲವನ್ನೂ ಮನೆಯಿಂದಲೇ ಆಚೆ ಸಾಗಿಸಿ, ಅದೇ ಗಳಿಗೆಯಲ್ಲಿ 14416ಕ್ಕೆ ಕರೆ ಮಾಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲ ಎಂದು ವೈದ್ಯರು ಹೇಳಿದ ಮೇಲೂ ನೋವು, ಉಸಿರಾಟದ ಕಷ್ಟ, ಭಯ ಇವುಗಳಿಗೆ ಉಪಶಮನ ಆರೈಕೆ ಇದೆ. ಬೆಂಗಳೂರಿನ ಕರುಣಾಶ್ರಯ ಅಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ.

## ಹಂತ 8: ನೋಡಿಕೊಳ್ಳುವವರು

ಸಾಮಾನ್ಯವಾಗಿ ಎಲ್ಲ ಭಾರವೂ ಒಬ್ಬ ಸೊಸೆಯ ಅಥವಾ ಮಗಳ ಮೇಲೆ ಬೀಳುತ್ತದೆ. ವಾರಕ್ಕೆ ಒಂದು ಪೂರ್ತಿ ರಾತ್ರಿ ಬೇರೆಯವರು ರೋಗಿಯ ಪಕ್ಕ ಮಲಗುವಂತೆ ಪಾಳಿ ಹಾಕಿ. ‘ಏನಾದರೂ ಸಹಾಯ ಬೇಕಾದರೆ ಹೇಳು’ ಎನ್ನುವ ಭಾವನಿಗೋ ಚಿಕ್ಕಪ್ಪನಿಗೋ ತೇದಿ ಹೇಳಿ ಕೆಲಸ ಒಪ್ಪಿಸಿ: ‘ಹದಿನೆಂಟಕ್ಕೆ ಬೆಂಗಳೂರಿಗೆ ನೀವು ಜೊತೆಗೆ ಹೋಗಿ.’ ನೋಡಿಕೊಳ್ಳುವವರಿಗೇ ನಿದ್ದೆ ಹೋಗಿ, ಅಳು ನಿಲ್ಲದಿದ್ದರೆ 14416 ಅವರಿಗೂ ಇದೆ.

## ಹಂತ 9: ಚಿಕಿತ್ಸೆ ಮುಗಿದ ಮೇಲೆ

ಕೊನೆಯ ವಿಕಿರಣದ ದಿನ ಸಿಹಿ ಹಂಚಿದ ಮನೆಗಳಲ್ಲಿ ಮುಂದಿನ ತಿಂಗಳು ರೋಗಿ ಮಂಕಾಗುವುದನ್ನು ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ದಿನವೂ ನೋಡುತ್ತಿದ್ದ ವೈದ್ಯರಿಲ್ಲ, ಸುಸ್ತು ಹೋಗಿಲ್ಲ, ಮನೆಯವರು ಮಾತ್ರ ‘ಎಲ್ಲ ಮುಗಿಯಿತಲ್ಲ’ ಎನ್ನುತ್ತಿರುತ್ತಾರೆ. ನೋಟ್‌ಬುಕ್ಕನ್ನು ಇನ್ನೂ ಮೂರು ತಿಂಗಳು ಮುಂದುವರಿಸಿ. ಮರೆವು ಹೆಚ್ಚಾಗಿದೆ ಎಂದರೆ ಕೀಮೋ ಪಡೆದ ಹಲವರಿಗೆ ಹಾಗಾಗುತ್ತದೆ ಎಂದು ತಿಳಿಸಿ, ಕೆಲಸಗಳನ್ನು ಬರೆದಿಟ್ಟುಕೊಳ್ಳಲು ಕಲಿಸಿ. ಪ್ರತಿ ಮರುತಪಾಸಣೆಯ ಹಿಂದಿನ ವಾರ ನಿದ್ದೆ ಕೆಡುವುದು ಸಹಜ. ಆ ವಾರ ದೊಡ್ಡ ಕೆಲಸಗಳನ್ನು ಇಟ್ಟುಕೊಳ್ಳಬೇಡಿ. ಸ್ಕ್ಯಾನ್ ಆದ ದಿನವೇ ವರದಿ ಸಿಗುತ್ತದೆಯೇ, ಎಷ್ಟು ದಿನ ಕಾಯಬೇಕು, ವರದಿ ತರಲು ಯಾರು ಹೋಗುತ್ತಾರೆ, ಇದನ್ನೆಲ್ಲ ಆಸ್ಪತ್ರೆಯಲ್ಲೇ ಕೇಳಿ ತೀರ್ಮಾನಿಸಿಕೊಂಡು ಬನ್ನಿ.